ಹಬ್ಬದ ಕೊರತೆ, ಮರುಮಾರಾಟದ ಲಾಭ

'ಗಾಳಿ ಬಂದಾಗ ತೂರಿಕೋ' ಎಂಬುದು ನಮ್ಮ ಹಿರಿಯರ ಗಾದೆ. ಕಣದಲ್ಲಿ ರಾಶಿಯಿಟ್ಟು ಗಾಳಿಯ ದಾರಿ ಕಾಯುವ ಒಕ್ಕಲಿಗನಿಗೆ ಹೇಳಿದ ಈ ಮಾತನ್ನು ಇಂದು ಮಹಾನಗರಗಳ ಪೇಟೆಯಲ್ಲಿ ಬೇರೆಯೇ ಒಂದು ಅರ್ಥದಲ್ಲಿ ಆಚರಿಸಲಾಗುತ್ತಿದೆ. ಹಬ್ಬ ಹತ್ತಿರವಾಗುತ್ತದೆ; ಮಕ್ಕಳೆಲ್ಲ ಬಯಸುವ ಆಟದ ಯಂತ್ರವೋ ಹೊಸ ಮೊಬೈಲೋ ಅಂಗಡಿಯಲ್ಲಿ ಮುಗಿದುಹೋಗುತ್ತದೆ; ಮುಗಿಯುವ ಮೊದಲೇ ನಾಲ್ಕಾರು ಕೊಂಡಿಟ್ಟವನು ಅದನ್ನು ಒಂದೂವರೆ ಪಟ್ಟು, ಎರಡು ಪಟ್ಟು ಬೆಲೆಗೆ ಮಾರುತ್ತಾನೆ. ಈ ವ್ಯವಹಾರ ಹೇಗೆ ನಡೆಯುತ್ತದೆ, ಲಾಭ ಎಲ್ಲಿಂದ ಬರುತ್ತದೆ, ನಷ್ಟ ಯಾರ ಪಾಲಾಗುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಮೂರು ದಶಕಗಳಿಂದ ಬ್ಯಾಂಕಿನಲ್ಲಿ ಜನರ ಸಾಲ-ಉಳಿತಾಯಗಳನ್ನು ನೋಡುತ್ತ ಬಂದಿರುವ ನಮಗೆ ಇದರ ಒಂದು ಮುಖ ತೀರ ಹತ್ತಿರದಿಂದ ಕಾಣಸಿಕ್ಕಿತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಹಳೆಯ ಪರಿಚಯ

ಕೊರತೆಯ ವಸ್ತುವನ್ನು ಮೂಲಬೆಲೆಗೆ ಕೊಂಡು ಹೆಚ್ಚಿನ ಬೆಲೆಗೆ ಮಾರುವುದು ನಮ್ಮ ಪೀಳಿಗೆಗೆ ಹೊಸತೇನಲ್ಲ. ಹೊಸ ಚಿತ್ರದ ಮೊದಲ ವಾರದಲ್ಲಿ ಚಿತ್ರಮಂದಿರದ ಮುಂದೆ ಪಿಸುದನಿಯಲ್ಲಿ ಟಿಕೆಟ್ ಮಾರುವವರನ್ನು ಯಾರು ಕಂಡಿಲ್ಲ? 'ಬ್ಲಾಕ್‌ನಲ್ಲಿ ಟಿಕೆಟ್' ಎಂಬುದು ಕನ್ನಡದ್ದೇ ಮಾತಾಗಿಬಿಟ್ಟಿತ್ತು. ಎಪ್ಪತ್ತರ ದಶಕದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ನೋಂದಾಯಿಸಿ ಹಲವು ವರ್ಷ ಕಾಯಬೇಕಿತ್ತು. ಸರದಿ ಬಂದವನು ಗಾಡಿಯನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ಅಂದಿನ ಕೊರತೆಗೆ ಪರವಾನಗಿ ಪದ್ಧತಿ ಕಾರಣ. ಇಂದಿನ ಎಲೆಕ್ಟ್ರಾನಿಕ್ ಸರಕುಗಳ ಕೊರತೆಗೆ ಕಾರಣ ಬೇರೆ. ಅದರ ಅತ್ಯಂತ ಸ್ಪಷ್ಟ ರೂಪವನ್ನು ನೋಡಬೇಕಾದರೆ ಅಮೆರಿಕದ ಕ್ರಿಸ್‌ಮಸ್ ಮಾರುಕಟ್ಟೆಗೆ ಹೋಗಬೇಕು.

ಅಮೆರಿಕದ ಕ್ರಿಸ್‌ಮಸ್ ಮಾರುಕಟ್ಟೆ

ಅಲ್ಲಿ ನವೆಂಬರ್ ಕೊನೆಯ ಕೃತಜ್ಞತಾ ಹಬ್ಬದಿಂದ ಡಿಸೆಂಬರ್ 25ರವರೆಗಿನ ಕಾಲವೇ ವರ್ಷದ ದೊಡ್ಡ ವ್ಯಾಪಾರ. ಮಕ್ಕಳ ಉಡುಗೊರೆ ಅಂದು ಬೆಳಗಿನ ಹೊತ್ತಿಗೆ ಮನೆಯಲ್ಲಿರಲೇಬೇಕು. 26ರಂದು ಬಂದರೆ ಅದರ ಮಹತ್ವವೇ ಬೇರೆ. ಹೀಗಾಗಿ ಕೊರತೆಯಾದ ವಸ್ತುವಿಗೆ ತಂದೆತಾಯಿಗಳು ಎಷ್ಟಾದರೂ ಕೊಡುವ ಸ್ಥಿತಿ ಉಂಟಾಗುತ್ತದೆ.

1996ರಲ್ಲಿ 'ಟಿಕಲ್ ಮಿ ಎಲ್ಮೋ' ಎಂಬ, ಮುಟ್ಟಿದರೆ ನಗುವ ಬ್ಯಾಟರಿ ಗೊಂಬೆಗಾಗಿ ಅಂಗಡಿಗಳಲ್ಲಿ ನೂಕುನುಗ್ಗಲಾಯಿತು. ಮೂವತ್ತು ಡಾಲರಿಗೂ ಕಡಿಮೆ ಬೆಲೆಯ ಅದನ್ನು ಪತ್ರಿಕೆಯ ಜಾಹೀರಾತುಗಳ ಮೂಲಕ ನೂರಾರು ಡಾಲರಿಗೆ ಮಾರಿದವರುಂಟು. 1998ರಲ್ಲಿ 'ಫರ್ಬಿ' ಎಂಬ ಮಾತಾಡುವ ಗೊಂಬೆಯ ಸರದಿ. ಈ ಹೊತ್ತಿಗೆ ಅಂತರಜಾಲದ ಹರಾಜುಕಟ್ಟೆ ಬಂದಿತ್ತು. 1995ರಲ್ಲಿ ಆರಂಭವಾದ ಇ-ಬೇ ತಾಣದಲ್ಲಿ ಯಾವ ಊರಿನವನಾದರೂ ಯಾವ ಊರಿನವನಿಗಾದರೂ ಮಾರಬಹುದಾಯಿತು.

2000ದ ಅಕ್ಟೋಬರ್ 26ರಂದು ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 299 ಡಾಲರಿಗೆ ಬಿಡುಗಡೆಯಾಯಿತು. ಮೊದಲ ದಿನಕ್ಕೆ ಹತ್ತು ಲಕ್ಷ ಯಂತ್ರಗಳನ್ನು ಕಳುಹಿಸುವುದಾಗಿ ಹೇಳಿದ್ದ ಕಂಪನಿ ಬಿಡಿಭಾಗಗಳ ಅಭಾವದಿಂದ ಐದು ಲಕ್ಷಕ್ಕೆ ಇಳಿಸಿತು. 2005ರ ನವೆಂಬರ್ 22ರಂದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದಾಗಲೂ ಇದೇ ಕತೆ. ಮರುವರ್ಷ ನವೆಂಬರ್ 17ರಂದು ಪ್ಲೇಸ್ಟೇಷನ್ 3, ಎರಡೇ ದಿನಗಳ ಬಳಿಕ ನಿಂಟೆಂಡೊ ಸಂಸ್ಥೆಯ ವೀ ಯಂತ್ರ ಪೇಟೆಗೆ ಬಂದವು. ಜನ ಡೇರೆ ಹಾಕಿಕೊಂಡು ಅಂಗಡಿಗಳ ಮುಂದೆ ರಾತ್ರಿ ಕಳೆದರು. ಆ ಸಾಲಿನಲ್ಲಿ ಆಡುವವರಷ್ಟೇ ಮಾರುವವರೂ ಇದ್ದರು. ಕನೆಕ್ಟಿಕಟ್ ರಾಜ್ಯದಲ್ಲಿ ಸಾಲಿನಲ್ಲಿ ಕಾಯುತ್ತಿದ್ದ ಒಬ್ಬನ ಮೇಲೆ, ಜೇಬಿನ ಹಣಕ್ಕಾಗಿ ಬಂದ ದರೋಡೆಕೋರರು ಗುಂಡು ಹಾರಿಸಿದರು. ಒಂದು ಆಟದ ಯಂತ್ರಕ್ಕಾಗಿ ಇಷ್ಟೆಲ್ಲ!

ಕೊರತೆ ಏಕೆ?

'ಕಂಪನಿಗಳು ಬೇಕೆಂದೇ ಕಡಿಮೆ ತಯಾರಿಸುತ್ತವೆ' ಎಂಬ ಮಾತು ಪ್ರತಿ ಹಬ್ಬಕ್ಕೂ ಕೇಳಿಬರುತ್ತದೆ. ಖಾಲಿ ಕಪಾಟು ಕೂಡ ಒಂದು ಬಗೆಯ ಜಾಹೀರಾತು ಎಂಬುದು ನಿಜವಾದರೂ ಮುಖ್ಯ ಕಾರಣ ತಯಾರಿಕೆಯಲ್ಲಿಯೇ ಇದೆ. ಹೊಸ ಯಂತ್ರದೊಳಗೆ ಹೊಸ ಬಿಡಿಭಾಗಗಳಿರುತ್ತವೆ. ಅವುಗಳಲ್ಲಿ ಒಂದು ಸಾಲದಾದರೂ ಇಡೀ ಯಂತ್ರ ನಿಲ್ಲುತ್ತದೆ. ಪ್ಲೇಸ್ಟೇಷನ್ 3ರಲ್ಲಿ ಬ್ಲೂ-ರೇ ತಟ್ಟೆಯನ್ನು ಓದುವ ನೀಲಿ ಲೇಸರ್ ಭಾಗ ಸಾಕಷ್ಟು ತಯಾರಾಗದೆ ಯೂರೋಪಿನ ಬಿಡುಗಡೆಯನ್ನು 2007ರ ಮಾರ್ಚಿಗೆ ಮುಂದೂಡಬೇಕಾಯಿತು. 2020ರ ನವೆಂಬರ್ 12ರಂದು ಅಮೆರಿಕದಲ್ಲಿ ಬಂದ ಪ್ಲೇಸ್ಟೇಷನ್ 5 ಕೋವಿಡ್ ಕಾಲದ ಚಿಪ್ ಅಭಾವಕ್ಕೆ ಸಿಲುಕಿತು. ಅದೇ ಅಭಾವದಿಂದ ಕಾರು ಕಾರ್ಖಾನೆಗಳೂ ಆಗಾಗ ನಿಂತುದನ್ನು ಓದುಗರು ಬಲ್ಲರು.

ಹಾಗಿದ್ದರೆ ಬೇಡಿಕೆ ಇಷ್ಟಿರುವಾಗ ಕಂಪನಿಯೇ ಬೆಲೆ ಏರಿಸಿ ಆ ಲಾಭವನ್ನು ತಾನೇ ಪಡೆಯಬಾರದೇಕೆ? ಇಲ್ಲಿಯೇ ಈ ವ್ಯವಹಾರದ ಬೇರು ಇರುವುದು. ಆಟದ ಯಂತ್ರವನ್ನು ಕಂಪನಿಗಳು ಬಹುಪಾಲು ಅಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತವೆ. ಸಂಪಾದನೆ ಬರುವುದು ಮುಂದೆ ವರ್ಷಗಟ್ಟಲೆ ಮಾರಾಟವಾಗುವ ಆಟಗಳಿಂದ. ಹಬ್ಬದ ಹೊತ್ತಿಗೆ ಬೆಲೆ ಏರಿಸಿ ಗ್ರಾಹಕರ ಮನಸ್ಸು ಮುರಿಯಲು ಅವು ಸಿದ್ಧವಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಬೆಲೆ ಸ್ಥಿರವಾಗಿರುತ್ತದೆ, ಜನ ಕೊಡಲು ಒಪ್ಪುವ ಬೆಲೆ ಏರುತ್ತಾ ಹೋಗುತ್ತದೆ. ಇವೆರಡರ ನಡುವಿನ ಅಂತರವೇ ಮರುಮಾರಾಟಗಾರನ ಹೊಲ. ಅವನು ಯಂತ್ರಕ್ಕೆ ಏನನ್ನೂ ಸೇರಿಸುವುದಿಲ್ಲ. ಹಬ್ಬದ ತಾರೀಖನ್ನು ಮಾತ್ರ ಮಾರುತ್ತಾನೆ.

ವ್ಯವಹಾರದ ಕ್ರಮ

ಮೊದಲಿಗೆ ಇದು ಕಾಲಿನ ಕೆಲಸವಾಗಿತ್ತು. ಸಾಲಿನಲ್ಲಿ ನಿಲ್ಲಬೇಕು, ಗೆಳೆಯರನ್ನೂ ನಿಲ್ಲಿಸಬೇಕು, ಅಂಗಡಿಗೆ ಸರಕು ಬರುವ ದಿನವನ್ನು ತಿಳಿದುಕೊಳ್ಳಬೇಕು. ಅನಂತರ ಮಾರಾಟ ಅಂತರಜಾಲಕ್ಕೆ ಬಂದಾಗ ಬೆರಳಿನ ಕೆಲಸವಾಯಿತು. ಮುಂದೆ 'ಬಾಟ್' ಎಂಬ ತಂತ್ರಾಂಶಗಳು ಬಂದವು. ಇವು ಮಾರಾಟದ ಪುಟವನ್ನು ಬಿಡುವಿಲ್ಲದೆ ಗಮನಿಸುತ್ತಿದ್ದು, ಸರಕು ಕಾಣಿಸಿದ ಕೂಡಲೇ ವಿಳಾಸ, ಕಾರ್ಡಿನ ವಿವರಗಳನ್ನು ತಾವೇ ತುಂಬಿ ಕೊಂಡುಬಿಡುತ್ತವೆ. ನಾವು ಕನ್ನಡಕ ಸರಿಪಡಿಸಿಕೊಂಡು ಕಾರ್ಡಿನ ಸಂಖ್ಯೆ ಒತ್ತುವಷ್ಟರಲ್ಲಿ 'ಮುಗಿದಿದೆ' ಎಂಬ ಫಲಕ ಬಂದಿರುತ್ತದೆ. 2020ರ ಪ್ಲೇಸ್ಟೇಷನ್ 5 ಮಾರಾಟದಲ್ಲಿ ಬಾಟ್‌ಗಳ ಪಾತ್ರ ದೊಡ್ಡದಾಗಿತ್ತು.

ಇದರ ಜೊತೆಗೆ ನೇರ ವಂಚನೆಯೂ ಬೆಳೆಯಿತು. ಯಂತ್ರದ ಚಿತ್ರವನ್ನೋ ಖಾಲಿ ಪೆಟ್ಟಿಗೆಯನ್ನೋ ಯಂತ್ರವೆಂಬಂತೆ ಹರಾಜಿಗಿಟ್ಟು, ಸಣ್ಣ ಅಕ್ಷರದಲ್ಲಿ 'ಇದು ಚಿತ್ರ ಮಾತ್ರ' ಎಂದು ಬರೆದು ಪಾರಾಗಲು ನೋಡಿದವರಿದ್ದಾರೆ. 2013ರ ಕ್ರಿಸ್‌ಮಸ್ ಸಮಯದಲ್ಲಿ ಇಂಗ್ಲೆಂಡಿನಲ್ಲಿ 450 ಪೌಂಡು ತೆತ್ತ ಗ್ರಾಹಕನೊಬ್ಬನ ಕೈಗೆ ಬಂದದ್ದು ಯಂತ್ರದ ಒಂದು ಫೋಟೋ!

ಲಾಭದ ಲೆಕ್ಕ

ಹೊರಗಿನಿಂದ ನೋಡುವವರಿಗೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರೆ ಉಳಿದದ್ದೆಲ್ಲ ಲಾಭ. ಲೆಕ್ಕ ಅಷ್ಟು ಸರಳವಲ್ಲ. ಪ್ಲೇಸ್ಟೇಷನ್ 3ರ 599 ಡಾಲರಿನ ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರಾಜ್ಯದ ಮಾರಾಟ ತೆರಿಗೆ ಶೇ. 8 ಎಂದಿಟ್ಟುಕೊಂಡರೆ ಕೊಳ್ಳುವ ಖರ್ಚು ಸುಮಾರು 647 ಡಾಲರ್. ಅದನ್ನು 750ಕ್ಕೆ ಮಾರಿದನೆನ್ನೋಣ. ಹರಾಜು ತಾಣದ ಮತ್ತು ಹಣ ವರ್ಗಾವಣೆಯ ಶುಲ್ಕ ಶೇ. 10ರಂತೆ 75 ಡಾಲರ್, ಐದು ಕಿಲೋ ತೂಕದ ಪೆಟ್ಟಿಗೆಯ ಸಾಗಣೆ 25 ಡಾಲರ್ ಹೋದರೆ ಕೈಗೆ ಬರುವುದು 650. ಚಳಿಯಲ್ಲಿ ಎರಡು ರಾತ್ರಿ ನಿಂತದ್ದಕ್ಕೆ ಸಿಕ್ಕ ಲಾಭ ಮೂರು ಡಾಲರ್! ಮೊದಲ ಕೆಲವೇ ದಿನ ಎರಡು ಮೂರು ಪಟ್ಟು ಬೆಲೆಗೆ ಮಾರಿದವರು ಗೆದ್ದರು. ಇನ್ನೂ ಏರಲಿ ಎಂದು ಕಾದವರು ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಬೆಲೆ ಕುಸಿಯುವುದನ್ನು ನೋಡಿದರು. ಆ ಯಂತ್ರದ ಮೂಲಬೆಲೆಯೇ ದುಬಾರಿಯಾಗಿತ್ತು. 249 ಡಾಲರ್ 99 ಸೆಂಟಿನ ವೀ ಯಂತ್ರದ ಕೊರತೆಯಾದರೋ ಮರುವರ್ಷದ ಕ್ರಿಸ್‌ಮಸ್‌ಗೂ ಮುಗಿದಿರಲಿಲ್ಲ. ಯಾವುದು ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದನ್ನು ಮೊದಲೇ ತಿಳಿಯುವುದು ಸುಲಭವಲ್ಲ.

ಕಂಪನಿಯ ಒಂದು ನಿರ್ಧಾರದಿಂದಲೂ ಲೆಕ್ಕ ತಲೆಕೆಳಗಾಗುತ್ತದೆ. ನಿಂಟೆಂಡೊ 2016ರ ನವೆಂಬರಿನಲ್ಲಿ ತನ್ನ ಹಳೆಯ ಆಟಗಳನ್ನು ತುಂಬಿದ 'ಎನ್‌ಇಎಸ್ ಕ್ಲಾಸಿಕ್' ಎಂಬ ಪುಟ್ಟ ಯಂತ್ರವನ್ನು 60 ಡಾಲರಿಗೆ ತಂದಿತು. ಬಂದ ಕೂಡಲೇ ಮುಗಿಯಿತು. ಹಲವು ಪಟ್ಟು ಬೆಲೆಗೆ ಮರುಮಾರಾಟವಾಯಿತು. 2017ರ ಏಪ್ರಿಲ್‌ನಲ್ಲಿ ಕಂಪನಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಇನ್ನು ಇದು ಚಿನ್ನವೆಂದು ಕೂಡಿಟ್ಟವರಿದ್ದರು. ಆದರೆ 2018ರ ಜೂನ್ 29ರಂದು ಅದೇ ಯಂತ್ರ ಅದೇ ಬೆಲೆಗೆ ಮತ್ತೆ ಅಂಗಡಿಗೆ ಬಂದಿತು. ಚಿನ್ನ ತವರವಾಯಿತು.

ಕಡಿವಾಣದ ಯತ್ನಗಳು

ಈ ಸಮಸ್ಯೆಗೆ ಬಂದ ಪರಿಹಾರಗಳಲ್ಲಿ ನಮಗೆ ಬಹಳ ಹಿಡಿಸಿದ್ದು ತೀರ ಸರಳವಾದ ಒಂದು. 2007ರ ಕ್ರಿಸ್‌ಮಸ್‌ಗೂ ವೀ ಸಾಲದಾದಾಗ ನಿಂಟೆಂಡೊ ಮತ್ತು ಗೇಮ್‌ಸ್ಟಾಪ್ ಅಂಗಡಿಗಳು ಡಿಸೆಂಬರ್ 20 ಮತ್ತು 21ರಂದು ಒಂದು ವ್ಯವಸ್ಥೆ ಮಾಡಿದವು. ಗ್ರಾಹಕನು ಮೂಲಬೆಲೆಯನ್ನು ಪೂರ್ತಿಯಾಗಿ ಕೊಟ್ಟು ಒಂದು ಚೀಟಿ ಪಡೆಯುವುದು. ಜನವರಿ 29ರೊಳಗೆ ಯಂತ್ರ ಕೈಸೇರುವುದು. ಹಬ್ಬದ ಬೆಳಿಗ್ಗೆ ಮಗುವಿನ ಕೈಗೆ ಚೀಟಿಯನ್ನಾದರೂ ಕೊಡಬಹುದು. ಮರುಮಾರಾಟಗಾರನು ಮಾರುತ್ತಿದ್ದುದು ತಾರೀಖನ್ನು. ಆ ತಾರೀಖಿನ ಬಿಗಿಯನ್ನೇ ಈ ಚೀಟಿ ಸಡಿಲಿಸಿತು.

ಜಪಾನಿನಲ್ಲಿ ಪ್ಲೇಸ್ಟೇಷನ್ 5ನ್ನು ಲಾಟರಿ ಎತ್ತಿ ಮಾರಿದರು. ಕೆಲವು ಅಂಗಡಿಗಳು ಪೆಟ್ಟಿಗೆಯ ಮೇಲೆ ಗುರುತು ಮಾಡಿ, ಅದನ್ನು 'ಹೊಚ್ಚಹೊಸದು' ಎಂದು ಮರುಮಾರಲು ಬಾರದಂತೆ ಮಾಡಿದವು. 2025ರ ಜೂನ್ 5ರಂದು ಸ್ವಿಚ್ 2 ಯಂತ್ರವನ್ನು ತಂದಾಗ ನಿಂಟೆಂಡೊ ಇನ್ನೂ ಮುಂದೆ ಹೋಗಿ, ತನ್ನ ಮಳಿಗೆಯ ಲಾಟರಿಗೆ ಅರ್ಜಿ ಹಾಕುವವರು ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ಗಂಟೆ ಆಡಿರಬೇಕೆಂದು ನಿಯಮ ಮಾಡಿತು. ಆಡುವವನಿಗೂ ಮಾರುವವನಿಗೂ ಇರುವ ವ್ಯತ್ಯಾಸವನ್ನು ಗಂಟೆಗಳಲ್ಲಿ ಅಳೆದದ್ದು ಸೊಗಸಾಗಿದೆ. ಆದರೂ ಜಪಾನ್ ಒಂದರಲ್ಲೇ ಸುಮಾರು 22 ಲಕ್ಷ ಅರ್ಜಿಗಳು ಬಂದವು.

ಕಾನೂನಿನ ದಾರಿ ಮಾತ್ರ ನಿಧಾನ. ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲಿ ಬಾಟ್ ಬಳಸಿ ಟಿಕೆಟ್ ಕೊಳ್ಳುವುದರ ವಿರುದ್ಧ ಕಾಯ್ದೆ ಬಂದಿತು. ಅದು ಟಿಕೆಟ್ಟುಗಳಿಗೆ ಮಾತ್ರ. ಅದನ್ನು ಇತರ ಸರಕುಗಳಿಗೂ ವಿಸ್ತರಿಸಲು, ಕ್ರಿಸ್‌ಮಸ್ ಕದಿಯುವ ಕಥಾಪಾತ್ರ ಗ್ರಿಂಚ್‌ನ ಹೆಸರಿನಲ್ಲಿ 2019 ಮತ್ತು 2021ರಲ್ಲಿ ಮಸೂದೆಗಳು ಮಂಡನೆಯಾದವು, ಕಾಯ್ದೆಯಾಗಲಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ದಸರೆಯಿಂದ ದೀಪಾವಳಿಯವರೆಗಿನ ಕಾಲ ಇಂತಹ ವ್ಯಾಪಾರಕ್ಕೆ ಒದಗಿಬಂದಿದೆ. ಅಂತರಜಾಲದ ಮಾರಾಟ ಬೆಳೆಯುತ್ತಿದ್ದ 2014ರಲ್ಲಿ ಶಿಯೋಮಿ ಕಂಪನಿ ತನ್ನ ಫೋನುಗಳನ್ನು ವಾರಕ್ಕೊಮ್ಮೆ ಕೆಲವೇ ಸೆಕೆಂಡುಗಳ ಮಾರಾಟಕ್ಕಿಡುತ್ತಿತ್ತು. ಆ ಸೆಪ್ಟೆಂಬರ್ 2ರಂದು 5,999 ರೂಪಾಯಿಯ ರೆಡ್ಮಿ 1ಎಸ್ ಮಾದರಿಯ 40,000 ಫೋನುಗಳು ಐದು ಸೆಕೆಂಡು ತುಂಬುವ ಮೊದಲೇ ಮುಗಿದವು. ಪ್ಲೇಸ್ಟೇಷನ್ 5 ಇಲ್ಲಿಗೆ ಬಂದದ್ದು 2021ರ ಫೆಬ್ರವರಿ 2ರಂದು, 49,990 ರೂಪಾಯಿಗೆ. ಜನವರಿ 12ರ ಮುಂಗಡ ಕಾದಿರಿಸುವಿಕೆ ನಿಮಿಷಗಳಲ್ಲಿ ಮುಗಿಯಿತು. ಮುಂದಿನ ಎರಡು ವರ್ಷ ಹೆಚ್ಚುಕಡಿಮೆ ಹಾಗೆಯೇ ನಡೆಯಿತು.

ಆದರೆ ಅಮೆರಿಕದಲ್ಲಿಲ್ಲದ ಒಂದು ರಕ್ಷಣೆ ನಮ್ಮಲ್ಲಿದೆ. ಅದೇ ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ, ಎಂದರೆ ಎಂಆರ್‌ಪಿ. 2011ರ ಕಾನೂನುಬದ್ಧ ಮಾಪನಶಾಸ್ತ್ರದ ಪೊಟ್ಟಣ ಸರಕುಗಳ ನಿಯಮಗಳಂತೆ ಪೊಟ್ಟಣದಲ್ಲಿರುವ ಸರಕನ್ನು ಆ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ನಿಯಮದಲ್ಲಿ ಚಿಲ್ಲರೆ ವ್ಯಾಪಾರಿಯ ಜೊತೆಗೆ 'ಇತರ ವ್ಯಕ್ತಿ' ಎಂಬ ಮಾತೂ ಇದೆ. ಇದರಿಂದ ನುಣುಚಿಕೊಳ್ಳಲು ಕೆಲವು ಅಂಗಡಿಗಳು ಯಂತ್ರದೊಂದಿಗೆ ಬೇಡದ ಆಟಗಳನ್ನೂ ಸಲಕರಣೆಗಳನ್ನೂ ಕಟ್ಟಿ 'ಎಲ್ಲವನ್ನೂ ಕೊಂಡರೆ ಮಾತ್ರ' ಎನ್ನುವುದುಂಟು. ಬಿಡಿ ಮಾರಾಟಗಾರರು ಬಿಲ್ಲನ್ನೇ ಕೊಡುವುದಿಲ್ಲ. ಬಿಲ್ಲಿಲ್ಲದೆ ದೂರು ಕೊಡುವುದು ಕಷ್ಟ, ವಾರಂಟಿ ಸಿಗುವುದೂ ಕಷ್ಟ.

ನಾವು ಕಂಡ ಒಂದು ಪ್ರಸಂಗ

ನಮಗೆ ಪರಿಚಯದ ಕನ್ನಡಿಗ ಕುಟುಂಬವೊಂದರ ತರುಣ 2021ರಲ್ಲಿ ಒಂದು ಪ್ಲೇಸ್ಟೇಷನ್ ಕೊಂಡು, ಬೇರೊಬ್ಬರಿಗೆ ಮಾರಿ ಹತ್ತಾರು ಸಾವಿರ ಗಳಿಸಿದ. ಆ ಮಾರಾಟವೇ ನಿಯಮಕ್ಕೆ ವಿರುದ್ಧವೆಂಬುದು ಅವನಿಗೆ ತಿಳಿದಿರಲಿಲ್ಲ. ಮರುವರ್ಷವೂ ಹಾಗೆಯೇ ಆಯಿತು. 2022ರ ನವೆಂಬರಿನಲ್ಲಿ ಯಂತ್ರದ ಬೆಲೆ 54,990ಕ್ಕೆ ಏರಿದಾಗ, ಇನ್ನೂ ಏರುವುದೆಂಬ ಧೈರ್ಯದಿಂದ ಡಿಸೆಂಬರಿನಲ್ಲಿ ನಾಲ್ಕು ಯಂತ್ರಗಳನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ. ಒಟ್ಟು 2,19,960 ರೂಪಾಯಿ.

ಆದರೆ 2023ರ ಜನವರಿಯಲ್ಲಿ ಸೋನಿ ಸಂಸ್ಥೆಯೇ ಕೊರತೆ ನೀಗಿತೆಂದು ಸಾರಿತು. ಅಂಗಡಿಗಳಲ್ಲಿ ಸರಕು ಕಾಣಿಸಿತು. ಏಪ್ರಿಲ್‌ನಲ್ಲಿ ಐದು ಸಾವಿರ ರಿಯಾಯಿತಿಯೂ ಬಂದಿತು. ರಿಯಾಯಿತಿಯಲ್ಲಿ ಅಂಗಡಿಯಲ್ಲೇ ಸಿಗುವುದನ್ನು ಇವನಲ್ಲಿ ಯಾರು ಕೊಳ್ಳುತ್ತಾರೆ? ಒಂದೊಂದನ್ನೂ 46,000ದಂತೆ ಮಾರಿದ. ಅಸಲಿನಲ್ಲೇ 35,960 ರೂಪಾಯಿ ಹೋಯಿತು. ಅದುವರೆಗೆ ಕಾರ್ಡಿನ 'ಕನಿಷ್ಠ ಪಾವತಿ' ಮಾತ್ರ ಮಾಡುತ್ತಿದ್ದುದರಿಂದ ತಿಂಗಳಿಗೆ ಶೇ. 3.5ರ ಬಡ್ಡಿ ಏರುತ್ತಿತ್ತು. ಮೂರು ತಿಂಗಳಿಗೆ ಅದು ಸುಮಾರು 23,000. ಬಡ್ಡಿಯ ಮೇಲಿನ ತೆರಿಗೆ ಬೇರೆ. ಅರವತ್ತು ಸಾವಿರ ರೂಪಾಯಿಯ ಹಳ್ಳ.

ನಿವೃತ್ತರಾದ ಅವನ ತಂದೆ ತಮ್ಮ ಠೇವಣಿ ಮುರಿಸಲು ಬಂದಾಗ ಈ ವಿಷಯ ನಮಗೆ ತಿಳಿಯಿತು. ಹುಡುಗ ತಲೆ ತಗ್ಗಿಸಿ, "ಎರಡು ವರ್ಷವೂ ಹಾಗೇ ಆಗಿತ್ತಲ್ಲ ಅಂಕಲ್" ಎಂದ. ಅವನ ಮಾತು ಸುಳ್ಳಲ್ಲ. ಮೊದಲ ಎರಡು ಲಾಭಗಳೇ ಅವನನ್ನು ಮೂರನೆಯದಕ್ಕೆ ಎಳೆದಿದ್ದವು. ಕೊರತೆ ಎಂಬುದು ಹೊಲದ ಗಾಳಿಯಂತೆ. ನಿಂತಾಗ ಹೇಳಿ ನಿಲ್ಲುವುದಿಲ್ಲ. ಸ್ವಂತ ಹಣವಾಗಿದ್ದರೆ ನಷ್ಟ ಮೂವತ್ತಾರು ಸಾವಿರಕ್ಕೆ ನಿಲ್ಲುತ್ತಿತ್ತು. ಸಾಲದ ಹಣವಾದ್ದರಿಂದ ಕಾದ ಒಂದೊಂದು ದಿನಕ್ಕೂ ಬೆಲೆ ತೆರಬೇಕಾಯಿತು.

ಓದುಗರ ಗಮನಕ್ಕೆ

ಹಬ್ಬಕ್ಕೆ ಕೊಳ್ಳುವ ಮನೆಗಳವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯನ್ನು ಓದಿ ನೋಡಬೇಕು. ಯಂತ್ರದ ಕ್ರಮಸಂಖ್ಯೆ ಇರುವ ಬಿಲ್ಲನ್ನು ಕೇಳಿ ಪಡೆಯಬೇಕು. ವಿದೇಶದಿಂದ ತಂದ ಯಂತ್ರವಾದರೆ ಇಲ್ಲಿ ವಾರಂಟಿ ಇದೆಯೇ ಎಂದು ವಿಚಾರಿಸಬೇಕು. ಅಪರಿಚಿತರಿಗೆ ಮುಂಗಡ ಕಳುಹಿಸಬಾರದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಹಾಗೆ ಹೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಹೆಚ್ಚಿನ ಬೆಲೆ ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು.

ಲಾಭದ ಆಸೆಯಿಂದ ಕೊಳ್ಳುವ ತರುಣರಿಗೆ ಒಂದೇ ಮಾತು: ಸಾಲದ ಹಣದಿಂದ ಬೇಡ.

ಇಲ್ಲಿ ಹೇಳಿದ ಕೊರತೆಗಳಲ್ಲಿ ಒಂದೂ ಶಾಶ್ವತವಾಗಿರಲಿಲ್ಲ. ಪ್ಲೇಸ್ಟೇಷನ್ 2ರಿಂದ 5ರವರೆಗೆ ಎಲ್ಲವೂ ಒಂದಲ್ಲ ಒಂದು ದಿನ ಅಂಗಡಿಯ ಕಪಾಟಿನಲ್ಲಿ ಮೂಲಬೆಲೆಗೆ ಬಂದು ಕುಳಿತವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದರು ಹಿರಿಯರು. ದೀಪಾವಳಿಯ ಬೆಳಿಗ್ಗೆ ಮಗುವಿನ ಕೈಗೆ ಒಂದು ಚೀಟಿ ಕೊಟ್ಟು, "ಯುಗಾದಿಯ ಹೊತ್ತಿಗೆ ಬರುತ್ತದೆ ಮಗೂ" ಎಂದು ಹೇಳಬಲ್ಲ ಮನೆಯ ಬಾಗಿಲಲ್ಲಿ ಮರುಮಾರಾಟಗಾರನಿಗೆ ವ್ಯಾಪಾರವಾಗದು. ಕಾಯುವುದನ್ನು ಕಲಿತ ಮಗುವಿಗೆ ಅದೂ ಒಂದು ಉಡುಗೊರೆಯೇ ಎಂಬುದು ನಮ್ಮ ನಂಬಿಕೆ.